ಉತ್ಸವ ವೇದಿಕೆಯ ವಿದ್ಯುತ್ ಸುರಕ್ಷತೆ ಮತ್ತು ಕೇಬಲ್ ತರಬೇತಿ

ಜಾತ್ರೆ, ನಾಟಕ, ಸಭೆಗಳಿಗೆ ತಾತ್ಕಾಲಿಕವಾಗಿ ವಿದ್ಯುತ್ ಎಳೆಯುವವರು ಕಲಿಯಬೇಕಾದ ಕೆಲಸದ ಕ್ರಮ. ಕಂಪ್ಲಿ, ಹೊಸಪೇಟೆ, ಸಂಡೂರು ಕಡೆ ಶಾಮಿಯಾನ, ಮೈಕ್‌ಸೆಟ್, ಲೈಟಿಂಗ್ ಕೆಲಸವನ್ನು ಹುಡುಗರು ಬಹುಪಾಲು ಮಾಲೀಕರ ಜೊತೆ ತಿರುಗಿಯೇ ಕಲಿಯುತ್ತಾರೆ. ಐಟಿಐ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ವೇದಿಕೆಯ ಕೆಲಸ ಅದರಾಚೆಗೂ ಬೇಡುತ್ತದೆ.

ಜನರೇಟರಿನಿಂದ ಮೂರು ಫೇಸ್ ಎಳೆಯುವಾಗ ಮೊದಲು ಅರ್ಥ್, ಬಳಿಕ ನ್ಯೂಟ್ರಲ್, ಕೊನೆಗೆ ಫೇಸ್ ಜೋಡಿಸಬೇಕು, ಬಿಚ್ಚುವಾಗ ತಿರುವುಮುರುವು. ನ್ಯೂಟ್ರಲ್ ಕಳಚಿದರೆ 230 ವೋಲ್ಟಿನ ಆಂಪ್ಲಿಫೈಯರ್‌ಗೆ 400ರ ಹತ್ತಿರದ ವೋಲ್ಟೇಜ್ ನುಗ್ಗಿ ಅದು ಸುಟ್ಟುಹೋಗಬಹುದು. ಸುತ್ತಿಟ್ಟ ಕೇಬಲ್ಲಿನ ಮೇಲೆ ಪೂರ್ತಿ ಲೋಡ್ ಹಾಕಿದರೆ ಬಿಸಿ ಹೊರಹೋಗದೆ ಹೊದಿಕೆ ಕರಗುತ್ತದೆ. ಮಾನವಜೀವ ಉಳಿಸಲು, ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ಕರೆಂಟ್ ಮಿತಿ ಮೀರಿದಾಗ ಮಾತ್ರ ಕಡಿಯುವ ಸಾಮಾನ್ಯ ಎಂಸಿಬಿ ಅದಕ್ಕೆ ಸಾಲದು. ಟೇಪ್ ಸುತ್ತಿದ ಜಾಯಿಂಟನ್ನು ಒದ್ದೆ ನೆಲದಲ್ಲಿ ಬಿಡುವುದು ಅಕ್ಷಮ್ಯ.

ಹಂಪಿ ಉತ್ಸವದಲ್ಲಿ ತೊಡಕು ಬೇರೆ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ನೆಲವನ್ನು ಅರ್ಥ್ ರಾಡ್‌ಗಾಗಿ ಮನಬಂದಂತೆ ಅಗೆಯುವಂತಿಲ್ಲ, ಕೆಳಗೆ ಬಂಡೆಯೂ ಇದೆ. ಎಲ್ಲಿ ಅರ್ಥಿಂಗ್ ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಬೇಕು.

ಮೇಲಿನ ತಂತಿ ನೋಡದೆ ಕಟೌಟ್ ಎತ್ತುವುದು ಇನ್ನೊಂದು ಅಪಾಯ: 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಯುವಕರು ಸತ್ತರು. ಇನ್ನು ಸಂಪರ್ಕದ ವಿಷಯ: ಕಂಪ್ಲಿ, ಹೊಸಪೇಟೆ ಭಾಗಕ್ಕೆ ವಿದ್ಯುತ್ ಪೂರೈಸುವುದು ಜೆಸ್ಕಾಂ. ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಅಲ್ಲಿಗೇ ಸಲ್ಲಬೇಕು.