ಎದೆಗೆ ಹೋದ ಹಾಲು

ನಮ್ಮ ಕಡೆ ಎಳೆಗೂಸಿಗೆ ಹಾಲು ಹಾಕುತ್ತಿದ್ದದ್ದು ಒಳಲೆಯಲ್ಲಿ. ಅಜ್ಜಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಒಳಲೆಯ ಮೂತಿಯನ್ನು ಕಟವಾಯಿಗಿಟ್ಟು ಹಾಲು ಬಿಡುತ್ತಿದ್ದಳು. ಹರಳೆಣ್ಣೆಯೂ ಹಾಗೆಯೇ. ಕೆಮ್ಮಿದರೆ ‘ನೆತ್ತಿಗೆ ಹತ್ತಿತು’ ಎಂದು ತಲೆ ತಟ್ಟಿ ಊದಿದರೆ ಮುಗಿಯಿತು. ಹುಣಸೂರು, ಪಿರಿಯಾಪಟ್ಟಣದ ಉಪಕೇಂದ್ರಗಳಲ್ಲಿ ನರ್ಸಮ್ಮನಾಗಿದ್ದ ನನ್ನ ಬಳಿಗೆ ಅದೇ ಕೂಸುಗಳು ಮತ್ತೆ ಮತ್ತೆ ಕಫ ಕಟ್ಟಿಕೊಂಡು ಬರುತ್ತಿದ್ದವು. ತಾಯಂದಿರು ಹೊಗೆಸೊಪ್ಪಿನ ಬ್ಯಾರನ್ನಿನ ಹೊಗೆ ಎನ್ನುತ್ತಿದ್ದರು, ಶೀತ ಎನ್ನುತ್ತಿದ್ದರು, ದೃಷ್ಟಿ ಎನ್ನುತ್ತಿದ್ದರು. ಹಾಲನ್ನು ಯಾರೂ ದೂರುತ್ತಿರಲಿಲ್ಲ.

ದೂರಲು ಸಾಕ್ಷಿ ಬೇಕಲ್ಲ. ಎಕ್ಸ್‌ರೇ ಎದೆಯ ಮಚ್ಚೆ ತೋರಿಸುತ್ತದೆ, ಅದು ಹಾಲಿನಿಂದ ಆದದ್ದೋ ಸೋಂಕಿನಿಂದಲೋ ಹೇಳುವುದಿಲ್ಲ. ಬೇರಿಯಂ ಕುಡಿಸಿ ಎಕ್ಸ್‌ರೇಯಲ್ಲಿ ನೋಡಿದರೆ ಕಾಣುವುದು ನುಂಗುವ ಕೆಲವು ನಿಮಿಷ. ಮಲಗಿದ ಮೇಲೆ ಹೊಟ್ಟೆಯ ಹಾಲು ಮೇಲೆ ಬಂದು ಶ್ವಾಸನಾಳಕ್ಕೆ ಇಳಿದರೆ ಹಿಡಿಯುವುದು ಹೇಗೆ?

ಹಾಲಿಗೇ ಗುರುತು ಹಾಕಿ. ಗುರುತಿನ ವಸ್ತು ಟೆಕ್ನೀಷಿಯಂ, 1937ರಲ್ಲಿ ಇಟಲಿಯಲ್ಲಿ ಸಿಕ್ಕಿದ, ವಿಕಿರಣ ಸೂಸುವ ಮೂಲವಸ್ತು. 1950ರ ದಶಕದ ಕೊನೆಗೆ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಅದನ್ನು ಆಸ್ಪತ್ರೆಯಲ್ಲೇ ತೆಗೆದುಕೊಳ್ಳುವ ಜನರೇಟರ್ ತಯಾರಾಯಿತು. ಅದೇ ದಶಕದಲ್ಲಿ ಹ್ಯಾಲ್ ಆಂಗರ್ ಅಂಥ ವಿಕಿರಣದ ಚಿತ್ರ ಹಿಡಿಯುವ ಗಾಮಾ ಕ್ಯಾಮೆರಾ ಕಟ್ಟಿದರು. 1979ರಲ್ಲಿ ಸಿಡ್ನಿ ಹೇಮನ್ ಮತ್ತು ಸಂಗಡಿಗರು ಇವೆರಡನ್ನೂ ಬಳಸಿ ಮಕ್ಕಳ ‘ಮಿಲ್ಕ್ ಸ್ಕ್ಯಾನ್’ ವಿವರಿಸಿದರು.

ಟೆಕ್ನೀಷಿಯಂ ಸಲ್ಫರ್ ಕೊಲಾಯ್ಡನ್ನು ಹಾಲಿಗೆ ಬೆರೆಸಿ ಕುಡಿಸಿ, ಬಾಯಿ ಅನ್ನನಾಳ ತೊಳೆಯಲು ಮೇಲೊಂದಿಷ್ಟು ಬರಿ ಹಾಲು ಹಾಕುತ್ತಾರೆ. ತೇಗಿಸಿ, ಮಲಗಿಸಿ, ಸುಮಾರು ಒಂದು ಗಂಟೆ ಚಿತ್ರ ಹಿಡಿಯುತ್ತಾರೆ. ಕೆಲವು ಗಂಟೆ ಬಿಟ್ಟು ಎದೆಯದು ಇನ್ನೊಂದು. ಕೊಲಾಯ್ಡ್ ಕರುಳಿನಿಂದ ರಕ್ತಕ್ಕೆ ಸೇರದು. ಹಾಗಾಗಿ ಶ್ವಾಸಕೋಶದ ಜಾಗದಲ್ಲಿ ಚುಕ್ಕೆ ಕಂಡರೆ ಅದು ಉಸಿರಿನ ದಾರಿಯಲ್ಲೇ ಹೋದದ್ದು. ಇಲ್ಲಿ ಬಳಸುವ ಟೆಕ್ನೀಷಿಯಂನ ವಿಕಿರಣದ ಕಸುವು 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. 1989ರಲ್ಲಿ ಹೇಮನ್ ನಾಲಿಗೆಯ ಮೇಲೆ ಒಂದು ಹನಿ ಬಿಟ್ಟು ಜೊಲ್ಲಿನ ಜಾಡು ಹಿಡಿಯುವ ‘ಸಲೈವಗ್ರಾಂ’ ತಂದರು.

ಆದರೆ ಚುಕ್ಕೆ ಕಾಣದಿದ್ದರೆ ಹಾಲು ಎಂದೂ ಹೋಗಿಲ್ಲವೆಂದಲ್ಲ, ಆ ಹೊತ್ತಿನಲ್ಲಿ ಹೋಗಿರಲಿಲ್ಲ, ಅಷ್ಟೆ. ಕೆ.ಆರ್. ನಗರದಿಂದಾಗಲಿ ಎಚ್.ಡಿ. ಕೋಟೆಯಿಂದಾಗಲಿ ಇಂಥ ಕೂಸಿಗೆ ಮೊದಲ ದಾರಿ ಮೈಸೂರೇ. ನುಂಗುವ ತೊಂದರೆಗೆ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆಯೂ ಇದೆ. ನಾನು ಚೀಟಿ ಬರೆದು ಕಳಿಸುವಾಗ ತಾಯಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಕೆಮ್ಮು ಕುಡಿಯುವಾಗ ಬರುತ್ತೋ, ಮಲಗಿದ ಮೇಲೋ, ತಾಯಿ?’ ಕುಡಿಯುವಾಗ ಬಂದರೆ ನುಂಗುವುದನ್ನು ನೋಡಬೇಕು, ಮಲಗಿದ ಮೇಲಾದರೆ ಹೊಟ್ಟೆಯಿಂದ ಮರಳುವ ಹಾಲನ್ನು. ಯಾವ ಸ್ಕ್ಯಾನ್ ಬೇಕೆಂದು ಡಾಕ್ಟರು ಯೋಚಿಸಲು ತೊಡಗುವುದು ಆ ಉತ್ತರದಿಂದಲೇ.