ನೀಲಿ ಪರದೆಯ ಹಿಂದಿನ ಕಥೆ

ಹುಣಸೂರು ತಾಲ್ಲೂಕಿನ ಬಿಳಿಕೆರೆ ಹೋಬಳಿಯ ಬಹುತೇಕ ರೈತರಿಗೆ ಗಣಕಯಂತ್ರದ ಪರಿಚಯವಾದದ್ದು ಪಹಣಿಯ ಮೂಲಕ ಎನ್ನಬಹುದು. ಹೊಗೆಸೊಪ್ಪಿಗೆ ಬೆಳೆ ಸಾಲ ಬೇಕೆಂದರೂ, ಅಣ್ಣ-ತಮ್ಮಂದಿರ ನಡುವೆ ಜಮೀನು ಭಾಗವಾಗಬೇಕೆಂದರೂ ಆ ಒಂದು ಹಾಳೆ ಬೇಕು. ಅದನ್ನು ಕೊಡಬೇಕಾದ ಯಂತ್ರವೇ ಇದ್ದಕ್ಕಿದ್ದಂತೆ ನಿಂತು, ಪರದೆಯ ತುಂಬ ಅರ್ಥವಾಗದ ಅಕ್ಷರ, ಅಂಕಿಗಳು ಮೂಡಿದರೆ? ‘ನನ್ನ ಜಮೀನಿನ ದಾಖಲೆಯೂ ಹೋಯಿತೇ’ ಎಂಬ ದಿಗಿಲು ಸರದಿಯಲ್ಲಿ ನಿಂತವರಿಗೆ ಹುಟ್ಟುವುದು ಸಹಜ. ಉತ್ತರ ಬೇಕಿದ್ದರೆ, ಗಣಕ ಕೆಟ್ಟು ನಿಲ್ಲುವ ಹಾಗೂ ಅದನ್ನು ಸರಿಪಡಿಸುವ ಚರಿತ್ರೆಯನ್ನು ತುಸು ತಿರುವಿ ಹಾಕಬೇಕು.

ದಿನಚರಿಗೆ ಅಂಟಿದ ಪತಂಗ

1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನ ‘ಮಾರ್ಕ್ 2’ ಎಂಬ ಗಣಕ ತಪ್ಪು ಮಾಡತೊಡಗಿತು. ಬಿಚ್ಚಿ ನೋಡಿದಾಗ ವಿದ್ಯುತ್ ರಿಲೇ ಒಂದರೊಳಗೆ ಪತಂಗ ಸಿಕ್ಕಿಕೊಂಡಿತ್ತು. ಯಂತ್ರದ ಉಸ್ತುವಾರಿಯವರು ಅದನ್ನು ತೆಗೆದು, ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಷರಾ ಬರೆದಿಟ್ಟರು. ಆ ಪುಸ್ತಕ ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ‘ಬಗ್’ ಎಂಬ ಪದ ಹುಟ್ಟಿದ್ದೇ ಅಂದು ಎನ್ನುವವರಿದ್ದಾರೆ, ಅದು ಸರಿಯಲ್ಲ. ಯಂತ್ರದ ದೋಷಕ್ಕೆ ಆ ಪದವನ್ನು ಥಾಮಸ್ ಎಡಿಸನ್ 1870ರ ದಶಕದಲ್ಲಿಯೇ ಬಳಸಿದ್ದರು. ಆದರೆ ಕೆಟ್ಟದ್ದೇನು, ಸಿಕ್ಕಿದ್ದೇನು ಎಂಬುದನ್ನು ಬರೆದಿಡಬೇಕೆಂಬ ಪಾಠ ಆ ಪುಟದಲ್ಲಿದೆ.

ಯಂತ್ರ ನಿಲ್ಲುವುದೇಕೆ?

1981ರಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಅದರ ತಯಾರಿಯ ಕಾಲದಲ್ಲಿ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರ್, ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗಣಕ ಮರಳಿ ಆರಂಭವಾಗುವ ಏರ್ಪಾಟು ಮಾಡಿದರು. ಆ ಕಾಲದ ಗಣಕಗಳಲ್ಲಿ ಒಂದು ತಂತ್ರಾಂಶ ಇನ್ನೊಂದರ ಜಾಗಕ್ಕೆ ನುಗ್ಗಿ ಮಾಹಿತಿಯನ್ನು ಅಳಿಸಿಬಿಡಬಹುದಿತ್ತು; ತಡೆಯುವವರಿರಲಿಲ್ಲ.

1993ರಲ್ಲಿ ಬಂದ ಮೈಕ್ರೋಸಾಫ್ಟ್‌ನ ‘ವಿಂಡೋಸ್ ಎನ್‌ಟಿ’ಯಲ್ಲಿ ಗಟ್ಟಿ ಬೇಲಿ ಇತ್ತು. ಕಚೇರಿಯ ಉದಾಹರಣೆ ಕೊಡುವುದಾದರೆ, ಸಾಮಾನ್ಯ ತಂತ್ರಾಂಶಗಳು ಹೊರಗೆ ಕುಳಿತು ಕೆಲಸ ಮಾಡುವ ಗುಮಾಸ್ತರಂತೆ. ‘ಕರ್ನೆಲ್’ ಎಂಬ ಒಳಭಾಗ ದಾಖಲೆ ಕೊಠಡಿಯಂತೆ. ಗುಮಾಸ್ತ ತಪ್ಪಿದರೆ ಅವನೊಬ್ಬನನ್ನು ಕಳುಹಿಸಿದರಾಯಿತು. ದಾಖಲೆ ಕೊಠಡಿಯೊಳಗೇ ತಪ್ಪಾದರೆ ಯಾವ ಕಡತವನ್ನು ನಂಬುವುದು? ಆಗ ಗಣಕ ಇನ್ನಷ್ಟು ಹಾಳಾಗದಿರಲೆಂದು ಎಲ್ಲ ಕೆಲಸವನ್ನೂ ನಿಲ್ಲಿಸಿ, ಕಾರಣದ ಸಂಕೇತವನ್ನು ಪರದೆಯ ಮೇಲೆ ಬರೆಯುತ್ತದೆ. ಇದೇ ಕುಖ್ಯಾತ ನೀಲಿ ಪರದೆ. ಎನ್‌ಟಿಯ ಈ ಪರದೆಯನ್ನು ರೂಪಿಸಿದ ಜಾನ್ ವರ್ಟ್ ನೀಲಿಯ ಮೇಲೆ ಬಿಳಿ ಅಕ್ಷರಗಳನ್ನು ಆರಿಸಿಕೊಂಡದ್ದಕ್ಕೆ ಗಹನ ಕಾರಣವೇನಿಲ್ಲ. ಅವರು ಬಳಸುತ್ತಿದ್ದ ಯಂತ್ರದ ಪರದೆಯ ಬಣ್ಣವೂ ಅದೇ ಆಗಿತ್ತು. 2025ರಲ್ಲಿ ಮೈಕ್ರೋಸಾಫ್ಟ್ ಈ ಪರದೆಗೆ ಕಪ್ಪು ಬಣ್ಣ ಕೊಟ್ಟಿತು.

ಕೊನೆಗೆ ಬದಲಾದದ್ದೇನು?

1998ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಬಿಲ್ ಗೇಟ್ಸ್ ಅವರೆದುರೇ ವಿಂಡೋಸ್ 98ರ ಪ್ರದರ್ಶನ ನಡೆದಿತ್ತು. ಸ್ಕ್ಯಾನರ್ ಒಂದನ್ನು ಜೋಡಿಸುತ್ತಿದ್ದಂತೆ ಗಣಕ ನೀಲಿಯಾಗಿ ನಿಂತಿತು, ಸಭೆ ನಕ್ಕಿತು. ದುರಸ್ತಿಯ ಮೊದಲ ಸೂತ್ರ ಇಲ್ಲಿದೆ: ಕೊನೆಗೆ ಬದಲಾದದ್ದೇನು? ಹೊಸ ಉಪಕರಣವೋ, ಹೊಸ ತಂತ್ರಾಂಶವೋ ಇದ್ದರೆ ಮೊದಲು ಅದನ್ನು ತೆಗೆದು ನೋಡಬೇಕು. ಗಣಕ ಪೂರ್ತಿ ಆರಂಭವಾಗದಿದ್ದರೆ ‘ಸೇಫ್ ಮೋಡ್’ ಇದೆ. ಅದರಲ್ಲಿ ತೀರಾ ಅಗತ್ಯವಾದ ಭಾಗಗಳಷ್ಟೇ ಎಚ್ಚರಗೊಳ್ಳುತ್ತವೆ. ಏನೂ ಬದಲಾಗದೆಯೇ ಪದೇ ಪದೇ ನಿಲ್ಲುತ್ತಿದ್ದರೆ ದೂಳು, ಬಿಸಿ, ಸಡಿಲಗೊಂಡ ಮೆಮೊರಿ ಪಟ್ಟಿ, ಸವೆದ ಡಿಸ್ಕ್, ವಿದ್ಯುತ್ತಿನ ಏರಿಳಿತ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಪರದೆಯ ಸಂಕೇತವನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ.

ಇಪ್ಪತ್ತೊಂದನೆಯ ಕಾಲಂ

2024ರ ಜುಲೈ 19ರಂದು ಜಗತ್ತೇ ಈ ಪಾಠವನ್ನು ಮತ್ತೆ ಕಲಿಯಿತು. ಗಣಕಗಳಿಗೆ ಕಾವಲು ತಂತ್ರಾಂಶ ಒದಗಿಸುವ ‘ಕ್ರೌಡ್‌ಸ್ಟ್ರೈಕ್’ ಕಂಪನಿ ಅಂದು ಬೆಳಿಗ್ಗೆ ಹೊಸ ಕಡತವೊಂದನ್ನು ಕಳುಹಿಸಿತು. ಅದರ ಪ್ರಕಾರ ಓದಬೇಕಾದ ವಿವರಗಳು 21. ತಂತ್ರಾಂಶದ ಬಳಿ ಇದ್ದದ್ದು 20 ಮಾತ್ರ. ಇಪ್ಪತ್ತು ಕಾಲಂನ ಹಾಳೆಯಲ್ಲಿ ಇಪ್ಪತ್ತೊಂದನೆಯದನ್ನು ಓದಲು ಹೋದ ಹಾಗಾಯಿತು. ಕಾವಲುಗಾರನ ಜಾಗ ದಾಖಲೆ ಕೊಠಡಿಯೊಳಗೇ ಇದ್ದುದರಿಂದ ಸುಮಾರು 85 ಲಕ್ಷ ಗಣಕಗಳು ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರ ಸಾಲು ಬೆಳೆಯಿತು. ದೇಶದ ಹಲವೆಡೆ ವಿಮಾನದ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಕಂಪನಿ 78 ನಿಮಿಷಗಳಲ್ಲಿ ಕಡತವನ್ನು ಹಿಂದಕ್ಕೆ ಪಡೆದರೂ, ನಿಂತ ಗಣಕಗಳಲ್ಲಿ ಬಹಳಷ್ಟನ್ನು ಒಬ್ಬೊಬ್ಬರು ಹೋಗಿ ಸೇಫ್ ಮೋಡ್‌ನಲ್ಲಿ ಆರಂಭಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು.

ಪಹಣಿ ಎಲ್ಲಿರುತ್ತದೆ?

ಈಗ ರೈತನ ಪ್ರಶ್ನೆಗೆ ಬರೋಣ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕ ಸೇರಿದವು; 2002ರ ವೇಳೆಗೆ ಕೈಬರಹದ ಪಹಣಿಯ ಮಾನ್ಯತೆ ಮುಗಿಯಿತು. ಮೇಜಿನ ಮೇಲಿನ ಗಣಕ ಆ ದಾಖಲೆಗೆ ಕಿಟಕಿ ಮಾತ್ರ. ದಾಖಲೆ ಇರುವುದು ದೂರದ ಸರ್ವರ್‌ನಲ್ಲಿ. ಮೇಜಿನ ಗಣಕ ನೀಲಿಯಾದರೆ ಪಕ್ಕದ ಗಣಕದಿಂದ ಪಹಣಿ ಪಡೆಯಬಹುದು. ‘ಸರ್ವರ್ ಡೌನ್’ ಎಂದರೆ ದಾರಿಯೇ ಮುಚ್ಚಿದೆ ಎಂದರ್ಥ, ಆಗ ಕಾಯಲೇಬೇಕು. ಇಂಥ ದತ್ತಾಂಶ ವ್ಯವಸ್ಥೆಗಳಲ್ಲಿ ತಿದ್ದುಪಡಿಯೊಂದು ಪೂರ್ತಿ ದಾಖಲಾಗಬೇಕು, ಇಲ್ಲವೇ ಪೂರ್ತಿ ರದ್ದಾಗಬೇಕು ಎಂಬ ನಿಯಮವಿರುತ್ತದೆ. ಅರ್ಧದಲ್ಲಿ ಯಂತ್ರ ನಿಂತರೆ ಹಳೆಯ ದಾಖಲೆ ಹಾಗೆಯೇ ಉಳಿಯುತ್ತದೆ. ಜೊತೆಗೆ ಬೇರೆಡೆ ಪ್ರತಿಯೊಂದಿದ್ದರೆ ಡಿಸ್ಕ್ ಸುಟ್ಟರೂ ದಾಖಲೆ ಉಳಿಯುತ್ತದೆ.

ಹಾಗಾದರೆ ನೀಲಿ ಪರದೆಗಿಂತ ಹೆಚ್ಚು ಹೆದರಬೇಕಾದದ್ದು ಯಂತ್ರ ನಿಲ್ಲದೆ, ಸದ್ದಿಲ್ಲದೆ ತಪ್ಪು ಹೆಸರು ದಾಖಲಾಗುವುದಕ್ಕೆ. ಅದಕ್ಕೆ ಯಾವ ಪರದೆಯೂ ಎಚ್ಚರಿಕೆ ಕೊಡದು. ಖಾತೆ ಬದಲಾವಣೆಗೆ ಕೊಟ್ಟ ದಿನ ಯಂತ್ರ ನಿಂತರೆ, ಅರ್ಜಿಗೆ ಸಂಖ್ಯೆ ಬಿದ್ದಿದೆಯೇ ಎಂದು ಕೇಳಿ ಬರೆದುಕೊಳ್ಳುವುದು, ಅದು ಮುಗಿದ ಮೇಲೆ ಹೊಸ ಪಹಣಿ ತೆಗೆಸಿ ಹೆಸರು, ಸರ್ವೆ ನಂಬರು, ವಿಸ್ತೀರ್ಣಗಳನ್ನು ಓದಿ ನೋಡುವುದು ಒಳ್ಳೆಯದು.