ಕೇಶ, ಪಂಥ, ದೇವರು: ಭಗತ್ ಸಿಂಗ್ ನಾಸ್ತಿಕರಾದ ಬಗೆ

ಅಕಾಲಿ ಚಳವಳಿಯ ಐದು ವರ್ಷಗಳ ಹೋರಾಟದ ನಂತರ 1925ರಲ್ಲಿ ಸಿಖ್ ಗುರುದ್ವಾರಾ ಕಾಯಿದೆ ಬಂತು. ಮಹಂತರೆಂಬ ಮೇಲ್ವಿಚಾರಕರ ಹಿಡಿತದಲ್ಲಿದ್ದ ಗುರುದ್ವಾರಗಳನ್ನು ಚುನಾಯಿತ ಸಮಿತಿಗೆ ಒಪ್ಪಿಸಿದ ಕಾಯಿದೆ ಅದು. ಚುನಾವಣೆ ಎಂದಮೇಲೆ ಮತದಾರರು ಯಾರೆಂದು ಗೊತ್ತಾಗಬೇಕು. ಹಾಗಾಗಿ ಸಿಖ್ ಎಂದರೆ ಯಾರು ಎಂಬುದನ್ನೂ ಕಾಯಿದೆ ಹೇಳಬೇಕಾಯಿತು. ಸಂದೇಹ ಬಂದಾಗ ಮಾಡಬೇಕಾದ ಪ್ರಮಾಣ ಚಿಕ್ಕದು. ತಾನು ಸಿಖ್ ಎಂದು, ಗುರು ಗ್ರಂಥ ಸಾಹಿಬ್ ಅನ್ನೂ ಹತ್ತು ಗುರುಗಳನ್ನೂ ನಂಬುವುದಾಗಿ, ತನಗೆ ಬೇರೆ ಧರ್ಮವಿಲ್ಲವೆಂದು ಹೇಳಬೇಕು. ಅದರಲ್ಲಿ ಕೂದಲಿನ ಮಾತೇ ಇಲ್ಲ. ಆದರೆ ಪಂಜಾಬಿನಲ್ಲಿ ಒಬ್ಬ ಪಂಥ ಬಿಟ್ಟನೆಂದು ಜನ ತೀರ್ಮಾನಿಸುತ್ತಿದ್ದದ್ದು ಅವನ ತಲೆ ನೋಡಿ. ನಂಬಿಕೆ ಮತ್ತು ಕೇಶಗಳ ನಡುವಿನ ಈ ಅಂತರದಲ್ಲೇ ಸಿಖ್ ಸಮಾಜದೊಳಗಿಂದ ನಾಸ್ತಿಕರಾದವರ ಚರಿತ್ರೆಯನ್ನು ಹುಡುಕಬೇಕು ಎಂಬುದು ನನ್ನ ವಾದ. ಆ ಚರಿತ್ರೆಯ ಅತ್ಯಂತ ಸ್ಪಷ್ಟ ದಾಖಲೆಯನ್ನು ಬಿಟ್ಟುಹೋದವರು ಭಗತ್ ಸಿಂಗ್.

ಕೇಶಕ್ಕೆ ಇಷ್ಟು ತೂಕ ಬಂದದ್ದು 1699ರ ಬೈಸಾಖಿಯಂದು ಗುರು ಗೋಬಿಂದ್ ಸಿಂಗ್ ಆನಂದಪುರದಲ್ಲಿ ಖಾಲ್ಸಾ ಕಟ್ಟಿದ ಮೇಲೆ. ಅಂದು ತಲೆ ಕೊಡಲು ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ವೃತ್ತಿಯ ಕುಟುಂಬದವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಆದರೂ ಕೇಶ ಬೆಳೆಸದೆ ನಾನಕರ ಮಾರ್ಗದಲ್ಲಿ ನಡೆದ ಸಹಜಧಾರಿಗಳು ಮುಂದೆಯೂ ಇದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಪಂಜಾಬಿನಲ್ಲಿ ಸಿಖ್ ಮತ್ತು ಹಿಂದೂ ಎಂಬ ಗೆರೆ ಒಂದೇ ಮನೆಯೊಳಗೆ ಅಣ್ಣತಮ್ಮಂದಿರ ನಡುವೆ ಹಾದುಹೋಗುವುದಿತ್ತು. 1873ರಲ್ಲಿ ಅಮೃತಸರದಲ್ಲಿ ಹುಟ್ಟಿದ ಸಿಂಗ್ ಸಭಾ, ಅದರ ಬೆನ್ನಿಗೆ ಕಾಹ್ನ್ ಸಿಂಗ್ ನಾಭಾ 1898ರಲ್ಲಿ ಪ್ರಕಟಿಸಿದ ‘ಹಮ್ ಹಿಂದೂ ನಹೀಂ’ ಈ ಗೆರೆಯನ್ನು ದಪ್ಪಗೆ ಎಳೆದವು. ಹರ್ಜೋತ್ ಓಬೆರಾಯ್ 1994ರಲ್ಲಿ ಈ ಪ್ರಕ್ರಿಯೆಯ ಬಗ್ಗೆ ಬರೆದ ಗ್ರಂಥ ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ಅವರ ಎಲ್ಲ ನಿರ್ಣಯಗಳನ್ನು ಒಪ್ಪಬೇಕಾಗಿಲ್ಲ. ಗೆರೆ ಎಳೆದದ್ದು ಚರಿತ್ರೆಯ ಒಂದು ಘಟ್ಟದಲ್ಲಿ ಎಂಬುದನ್ನಂತೂ ಒಪ್ಪಲೇಬೇಕು.

ಭಗತ್ ಸಿಂಗ್ ಹುಟ್ಟಿದ್ದು 1907ರಲ್ಲಿ, ಲಾಯಲ್‌ಪುರ ಜಿಲ್ಲೆಯ ಬಂಗಾ ಗ್ರಾಮದಲ್ಲಿ. ಆ ಮನೆಯಲ್ಲಿ ಈ ಗೆರೆ ಇನ್ನೂ ಮಸುಕಾಗಿತ್ತು. ತಾತ ಅರ್ಜನ್ ಸಿಂಗ್ ಸಿಖ್ಖರು, ಜೊತೆಗೆ ಕಟ್ಟಾ ಆರ್ಯಸಮಾಜಿ. ಮೊಮ್ಮಕ್ಕಳಿಗೆ ಉಪನಯನ ಮಾಡಿಸಿದವರು ಅವರೇ. ಚಿಕ್ಕಪ್ಪ ಅಜಿತ್ ಸಿಂಗ್ 1907ರ ರೈತ ಚಳವಳಿಯಿಂದಾಗಿ ಮಂಡಾಲೆಗೆ ಗಡೀಪಾರಾದವರು. ಹುಡುಗನನ್ನು ಸೇರಿಸಿದ್ದು ಲಾಹೋರಿನ ಡಿ.ಎ.ವಿ. ಶಾಲೆಗೆ. ಅಲ್ಲಿನ ಹಾಸ್ಟೆಲಿನಲ್ಲಿ ಬೆಳಿಗ್ಗೆ ಸಂಜೆಯ ಪ್ರಾರ್ಥನೆಯಲ್ಲದೆ ಗಂಟೆಗಟ್ಟಲೆ ಗಾಯತ್ರಿ ಜಪಿಸುತ್ತಿದ್ದುದನ್ನು ಅವರೇ ಮುಂದೆ ನೆನೆದಿದ್ದಾರೆ. ಹೀಗಾಗಿ ‘ಸಿಖ್ ಧರ್ಮ ಬಿಟ್ಟರು’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಈ ಬಾಲ್ಯಕ್ಕೆ ಅನ್ಯಾಯವಾಗುತ್ತದೆ.

ಅವರು 1930ರಲ್ಲಿ ಲಾಹೋರ್ ಜೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದ, ಕನ್ನಡದಲ್ಲಿ ‘ನಾನೇಕೆ ನಾಸ್ತಿಕ’ ಎಂದು ಪರಿಚಿತವಾದ ಲೇಖನದಲ್ಲಿ ಒಂದು ಮುಖ್ಯವಾದ ಹೇಳಿಕೆಯಿದೆ. ಅಸಹಕಾರ ಚಳವಳಿಯ ಹೊತ್ತಿಗೆ ನ್ಯಾಷನಲ್ ಕಾಲೇಜು ಸೇರಿದ ಮೇಲೆ ತಾನು ಕೂದಲು ಕತ್ತರಿಸದೆ ಬೆಳೆಸತೊಡಗಿದ್ದಾಗಿ, ಆದರೆ ಸಿಖ್ ಧರ್ಮದ್ದಾಗಲಿ ಬೇರೆ ಯಾವುದೇ ಧರ್ಮದ್ದಾಗಲಿ ಪುರಾಣವನ್ನೂ ಸಿದ್ಧಾಂತವನ್ನೂ ನಂಬಲಾಗಲಿಲ್ಲವೆಂದು, ಹಾಗಿದ್ದರೂ ದೇವರಿದ್ದಾನೆಂಬ ನಂಬಿಕೆ ಮಾತ್ರ ಗಟ್ಟಿಯಾಗಿತ್ತೆಂದು ಅವರು ಬರೆಯುತ್ತಾರೆ. ಕೇಶ ಇದೆ, ಪಂಥದ ಸಿದ್ಧಾಂತದಲ್ಲಿ ವಿಶ್ವಾಸವಿಲ್ಲ, ದೇವರಲ್ಲಿ ವಿಶ್ವಾಸವಿದೆ. ಮೂರೂ ಬೇರೆಬೇರೆ ಎಂದು ಹದಿಹರೆಯದಲ್ಲೇ ಈ ತರುಣನಿಗೆ ಅನುಭವಕ್ಕೆ ಬಂದಿತ್ತು.

ಹಾಗಾದರೆ ಕೇಶ ಬೆಳೆಸಿದ್ದಾದರೂ ಏಕೆ? ಉತ್ತರ ಆ ವರ್ಷಗಳ ಪಂಜಾಬಿನಲ್ಲಿದೆ. 1921ರ ಫೆಬ್ರವರಿ 20ರಂದು ನಾನಕಾನಾ ಸಾಹಿಬ್‌ನಲ್ಲಿ ಮಹಂತನ ಬಾಡಿಗೆ ಬಂಟರು ಅಕಾಲಿಗಳನ್ನು ಕಗ್ಗೊಲೆ ಮಾಡಿದ್ದರು. ಆ ಸುದ್ದಿ ಆ ಪ್ರಾಂತದ ಪ್ರತಿ ಸಿಖ್ ಮನೆಯನ್ನೂ ಅಲುಗಾಡಿಸಿತು. ಭಗತ್ ಸಿಂಗ್ ಗುರುಮುಖಿ ಕಲಿತದ್ದು ಈ ಕಾಲದಲ್ಲಿ. 1924ರಲ್ಲಿ ಪ್ರತಿಭಟನೆಗೆಂದು ಜೈತೋಗೆ ಹೊರಟ ಅಕಾಲಿ ಜಥಾಕ್ಕೆ (ತಂಡಕ್ಕೆ), ಸರ್ಕಾರದ ಕಣ್ಣಿದ್ದರೂ, ತಮ್ಮ ಹಳ್ಳಿಯಲ್ಲಿ ಊಟೋಪಚಾರದ ಏರ್ಪಾಡು ಮಾಡಿ ವಾರಂಟು ಹೊರಡುವಂತೆ ಮಾಡಿಕೊಂಡರು. ಆ ಕೇಶವನ್ನು ಭಕ್ತಿಯ ಗುರುತಾಗಿ ಓದುವುದಕ್ಕಿಂತ ಸರ್ಕಾರವನ್ನು ಎದುರಿಸಿ ನಿಂತ ಜನರ ಜೊತೆ ನಿಂತ ಗುರುತಾಗಿ ಓದುವುದೇ ಸರಿ ಎಂದು ನನಗೆ ತೋರುತ್ತದೆ.

ದೇವರ ಮೇಲಿನ ನಂಬಿಕೆ ಹೋದದ್ದು ಓದಿನಿಂದ. ಕಾಕೋರಿ ರೈಲು ದರೋಡೆ ಪ್ರಕರಣದಲ್ಲಿ ಹಿರಿಯರೆಲ್ಲ ಸೆರೆಯಾದ ಮೇಲೆ ಅವರ ಕ್ರಾಂತಿಕಾರಿ ಪಕ್ಷದ ಹೊಣೆ ಕಿರಿಯರ ಹೆಗಲಿಗೆ ಬಿತ್ತು. ಎದುರಾಳಿಗಳ ವಾದಕ್ಕೆ ಉತ್ತರ ಕೊಡಬೇಕಾದರೆ ಓದಲೇಬೇಕಿತ್ತು. ಬಕುನಿನ್, ಮಾರ್ಕ್ಸ್, ಲೆನಿನ್, ಟ್ರಾಟ್‌ಸ್ಕಿ ಇವರ ಜೊತೆ ನಿರಾಲಂಬ ಸ್ವಾಮಿಯ ‘ಕಾಮನ್ ಸೆನ್ಸ್’ ಎಂಬ ಪುಸ್ತಕವನ್ನೂ ಅವರು ಹೆಸರಿಸುತ್ತಾರೆ. ಅದನ್ನು ಬರೆದವರು ಸೋಹಂ ಸ್ವಾಮಿ, ನಿರಾಲಂಬರದ್ದು ಮುನ್ನುಡಿ ಮಾತ್ರ ಎಂದು ನಂತರದ ಸಂಶೋಧಕರು ತೋರಿಸಿದ್ದಾರೆ. ನಾಸ್ತಿಕತೆಯ ದಾರಿ ಯುರೋಪಿನಿಂದಲೇ ಬಂತೆಂದು ಹೇಳುವವರು ಬಂಗಾಳದ ಒಬ್ಬ ಸಂನ್ಯಾಸಿಯ ಈ ಪುಸ್ತಕವನ್ನು ಗಮನಿಸಬೇಕು. 1926ರ ಅಂತ್ಯದ ಹೊತ್ತಿಗೆ ಸರ್ವಶಕ್ತ ದೇವರ ಕಲ್ಪನೆಗೆ ಆಧಾರವಿಲ್ಲವೆಂದು ತನಗೆ ಮನವರಿಕೆಯಾಗಿತ್ತು ಎಂದು ಭಗತ್ ಸಿಂಗ್ ಕಾಲವನ್ನೂ ಖಚಿತವಾಗಿ ಹೇಳಿದ್ದಾರೆ.

ಈ ಕಾಲ ನಿರ್ದೇಶನವನ್ನು ಇಟ್ಟುಕೊಂಡು ಒಂದು ಛಾಯಾಚಿತ್ರವನ್ನು ನೋಡಬೇಕು. 1927ರ ಮೇ ತಿಂಗಳಲ್ಲಿ ದಸರಾ ಬಾಂಬ್ ಪ್ರಕರಣದ ನೆಪದಲ್ಲಿ ಬಂಧಿಸಿ, ಲಾಹೋರಿನ ರೈಲ್ವೆ ಪೊಲೀಸರ ಲಾಕಪ್ಪಿನಲ್ಲಿ ಒಂದು ತಿಂಗಳು ಇಟ್ಟಾಗ ತೆಗೆದದ್ದು ಅದು. ಹಗ್ಗದ ಮಂಚದ ಮೇಲೆ ಭಗತ್ ಸಿಂಗ್ ಕೂತಿದ್ದಾರೆ, ಕೈಗೆ ಕೋಳವಿದೆ, ತಲೆಯ ಮೇಲೆ ಪಗಡಿಯಿಲ್ಲ. ಉದ್ದ ಕೂದಲನ್ನು ನೆತ್ತಿಯ ಮೇಲೆ ಗಂಟು ಹಾಕಿದೆ. ಎದುರಿಗೆ ಕುರ್ಚಿಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ. ಆ ಒಂದು ತಿಂಗಳಲ್ಲಿ ಏನಾಯಿತೆಂದು ಲೇಖನ ಹೇಳುತ್ತದೆ: ಹೇಳಿಕೆ ಕೊಡದಿದ್ದರೆ ಗಲ್ಲಿಗೆ ಸಾಲುವಷ್ಟು ಸಾಕ್ಷ್ಯವಿದೆ ಎಂದು ಸಿ.ಐ.ಡಿ. ಹಿರಿಯ ಅಧಿಕಾರಿ ಬೆದರಿಸಿದ. ಅದೇ ದಿನದಿಂದ ಕೆಲವು ಪೊಲೀಸರು ಎರಡು ಹೊತ್ತೂ ದೇವರ ಪ್ರಾರ್ಥನೆ ಮಾಡು ಎಂದು ಪುಸಲಾಯಿಸತೊಡಗಿದರು. ಸುಖದ ದಿನಗಳಲ್ಲಷ್ಟೇ ನಾಸ್ತಿಕನೋ, ಕಷ್ಟದಲ್ಲೂ ಹಾಗೇ ಇರಬಲ್ಲೆನೋ ಎಂದು ತನ್ನನ್ನೇ ಪರೀಕ್ಷಿಸಿಕೊಂಡು, ಪ್ರಾರ್ಥಿಸುವುದು ತನ್ನಿಂದಾಗದು ಎಂಬ ನಿರ್ಧಾರಕ್ಕೆ ಅವರು ಬಂದದ್ದು ಅಲ್ಲಿ. ಕೊನೆಗೆ ಅರವತ್ತು ಸಾವಿರ ರೂಪಾಯಿಯ ಜಾಮೀನಿನ ಮೇಲೆ ಬಿಡುಗಡೆಯಾಯಿತು. ಚಿತ್ರದಲ್ಲಿ ಕಾಣುವವರು ಸಂಪೂರ್ಣ ಕೇಶಧಾರಿ. ಅದೇ ಹೊತ್ತಿಗೆ ಪೂರ್ಣ ನಾಸ್ತಿಕರು. ತಲೆ ನೋಡಿ ಧರ್ಮ ಹೇಳುವ ಪದ್ಧತಿಗೆ ಇದಕ್ಕಿಂತ ಬಲವಾದ ಪ್ರತಿಸಾಕ್ಷಿ ನನಗೆ ಸಿಕ್ಕಿಲ್ಲ.

ಕೂದಲು ಹೋದದ್ದು ಇದಾದ ಒಂದು ವರ್ಷಕ್ಕೂ ಮೇಲೆ. 1928ರ ಡಿಸೆಂಬರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಾದ ಮೇಲೆ ಲಾಹೋರಿನಿಂದ ತಪ್ಪಿಸಿಕೊಳ್ಳಲು ಕತ್ತರಿಸಿದರೆಂಬುದು ಜನಪ್ರಿಯ ಕಥೆ. ಸಂಗಾತಿಗಳ ನೆನಪುಗಳು ಅದನ್ನು ಅದೇ ವರ್ಷದ ಸೆಪ್ಟೆಂಬರಿಗೆ, ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಕ್ಷದ ಪುನರ್‌ರಚನೆ ನಡೆದ ಬಳಿಕ ಫಿರೋಜ್‌ಪುರದಲ್ಲಿದ್ದ ದಿನಗಳಿಗೆ ಒಯ್ಯುತ್ತವೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಕಾರಣ ಭೂಗತ ಕೆಲಸದ ಅಗತ್ಯವೇ. ದೇವರನ್ನು ಬಿಟ್ಟದ್ದು 1926ರಲ್ಲಿ, ಕೇಶ ತೆಗೆದದ್ದು 1928ರಲ್ಲಿ. ಒಂದು ಇನ್ನೊಂದರ ಫಲವಲ್ಲ.

ಈ ಎರಡು ವರ್ಷಗಳ ನಡುವೆ ಅವರು ಅಮೃತಸರದ ‘ಕಿರ್ತಿ’ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಗದರ್ ಚಳವಳಿಯ ಸಂತೋಖ್ ಸಿಂಗ್ 1926ರಲ್ಲಿ ಆರಂಭಿಸಿದ, ಬಳಿಕ ಸೋಹನ್ ಸಿಂಗ್ ಜೋಶ್ ಸಂಪಾದಿಸಿದ ಪತ್ರಿಕೆ ಅದು. ಜೋಶ್ ಅವರೂ ಅಕಾಲಿ ಚಳವಳಿಯಿಂದ ಕಮ್ಯುನಿಸಂಗೆ ನಡೆದು ಬಂದವರು. ಅಂದರೆ ಭಗತ್ ಸಿಂಗ್ ಒಂಟಿಯಲ್ಲ. ಗುರುದ್ವಾರದ ಹೋರಾಟದಲ್ಲಿ ಜೈಲು ಕಂಡ ಒಂದು ತಲೆಮಾರಿನ ಕೆಲವರು ಅದೇ ಹೋರಾಟದ ಮುಂದಿನ ಹೆಜ್ಜೆಯೆಂದೇ ಧರ್ಮದಿಂದ ಆಚೆ ನಡೆದರು. 1928ರ ಜೂನ್ ಸಂಚಿಕೆಯ ಅಸ್ಪೃಶ್ಯತೆಯ ಕುರಿತ ಬರಹದಲ್ಲಿ ಅವರು ದಲಿತರಿಗೆ ನಿಮ್ಮ ಚರಿತ್ರೆ ನೋಡಿಕೊಳ್ಳಿ, ಗುರು ಗೋಬಿಂದ್ ಸಿಂಗರ ಸೈನ್ಯದ ನಿಜವಾದ ಬಲ ನೀವೇ ಆಗಿದ್ದಿರಿ ಎಂಬ ಅರ್ಥದ ಮಾತು ಹೇಳುತ್ತಾರೆ. ದೇವರನ್ನು ನಿರಾಕರಿಸಿ ಎರಡು ವರ್ಷ ಆಗುತ್ತ ಬಂದಿದ್ದವರ ಮಾತಿದು. ಗುರುಗಳ ಚರಿತ್ರೆಯನ್ನು ಅವರು ಹೊರಗೆ ಎಸೆಯಲಿಲ್ಲ.

ನಾಸ್ತಿಕತೆಯ ಲೇಖನ ಆರಂಭವಾಗುವುದು ಒಂದು ಆರೋಪದಿಂದ: ಅಹಂಕಾರವೇ ಇವನನ್ನು ನಾಸ್ತಿಕನನ್ನಾಗಿ ಮಾಡಿತು. ಗುರುಬಾನಿಯ ಆವರಣದಲ್ಲಿ ಬೆಳೆದವರಿಗೆ ಈ ಆರೋಪದ ಭಾರ ಗೊತ್ತು. ಅಲ್ಲಿ ಹೌಮೈ, ಅಂದರೆ ‘ನಾನು’ ಎಂಬುದು, ಮನುಷ್ಯನ ಮೂಲ ರೋಗ. ಗುರುವಿನ ಕಡೆ ಮುಖ ಮಾಡದೆ ಮನಸ್ಸಿನ ಮಾತು ಕೇಳುವವನು ಮನ್‌ಮುಖ್. ಈ ಆರೋಪ ಮಾಡಿದವರು ಭಾಯಿ ರಣಧೀರ್ ಸಿಂಗ್ ಎಂಬ ಅಭಿಪ್ರಾಯವಿದೆ. ಗದರ್ ಕಾಲದ ಲಾಹೋರ್ ಪಿತೂರಿ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಆ ಭಕ್ತರು 1930ರ ಅಕ್ಟೋಬರ್ ಆರಂಭದಲ್ಲಿ, ತಮ್ಮ ಬಿಡುಗಡೆಯ ಹೊತ್ತಿನಲ್ಲಿ, ಭಗತ್ ಸಿಂಗರನ್ನು ಭೇಟಿಯಾದರು. ಕೂದಲು ತೆಗೆದದ್ದಕ್ಕೆ ಭಗತ್ ಸಿಂಗ್ ಪಶ್ಚಾತ್ತಾಪಪಟ್ಟರೆಂದು ರಣಧೀರ್ ಸಿಂಗ್ ತಮ್ಮ ಜೈಲು ಬರಹದಲ್ಲಿ ದಾಖಲಿಸಿದ್ದಾರೆ. ಅವರ ತ್ಯಾಗದ ಬಗ್ಗೆ ನನಗೆ ಗೌರವವಿದೆ. ಆದರೆ ಸಾಕ್ಷ್ಯವನ್ನು ತೂಗುವಾಗ ಒಂದು ಅಂಶ ಮರೆಯಬಾರದು. ಭಗತ್ ಸಿಂಗರ ಲೇಖನದಲ್ಲೇ, ತೀರ್ಪು ಇನ್ನೊಂದು ವಾರದೊಳಗೆ ಬರಲಿದೆ ಎಂಬ ಮಾತಿದೆ. ತೀರ್ಪು ಬಂದದ್ದು ಅಕ್ಟೋಬರ್ 7ರಂದು. ಭೇಟಿಯೂ ಲೇಖನವೂ ಒಂದೇ ವಾರದವು. ಅಂಥ ಹೊತ್ತಿನಲ್ಲಿ ಬರೆದ ಲೇಖನದ ಕೊನೆಯಲ್ಲಿ, ಕಡೆಯ ದಿನಗಳಲ್ಲಾದರೂ ನಂಬುತ್ತೀಯೆ ಎಂದ ಗೆಳೆಯನಿಗೆ ಅವರು ಇಲ್ಲವೆಂದೇ ಉತ್ತರಿಸುತ್ತಾರೆ. ಹಾಗೆ ಮಾಡಿದರೆ ಅದು ತನ್ನ ಅಧಃಪತನ ಎನ್ನುತ್ತಾರೆ. ಸ್ವಂತ ಕೈಬರಹವನ್ನು ಬದಿಗಿಟ್ಟು ಇನ್ನೊಬ್ಬರ ನೆನಪನ್ನು ನಂಬಲು ಕಾರಣವಿಲ್ಲ. ಆರೋಪ ಮಾಡಿದವರನ್ನು ಲೇಖನ ‘ಗೆಳೆಯರು’ ಎಂದು ಬಹುವಚನದಲ್ಲಿ ಕರೆಯುವುದರಿಂದ, ಅದು ರಣಧೀರ್ ಸಿಂಗರೊಬ್ಬರಿಗೇ ಕೊಟ್ಟ ಉತ್ತರವೆಂಬ ಊಹೆಯೂ ದುರ್ಬಲ.

1931ರ ಮಾರ್ಚ್ 23ರಂದು ಗಲ್ಲು. ಆರು ತಿಂಗಳ ನಂತರ, ಸೆಪ್ಟೆಂಬರ್ 27ರಂದು, ಲಾಲಾ ಲಜಪತ್ ರಾಯ್ ಸ್ಥಾಪಿಸಿದ್ದ ಲಾಹೋರಿನ ‘ದಿ ಪೀಪಲ್’ ವಾರಪತ್ರಿಕೆಯಲ್ಲಿ ಲೇಖನ ಅಚ್ಚಾಯಿತು. ಪೆರಿಯಾರ್ ಗಲ್ಲಿನ ವಾರದಲ್ಲೇ ‘ಕುಡಿ ಅರಸು’ವಿನಲ್ಲಿ ಸಂಪಾದಕೀಯ ಬರೆದಿದ್ದರು, 1930ರ ದಶಕದ ನಡುಭಾಗದಲ್ಲಿ ಪಿ. ಜೀವಾನಂದಂ ಲೇಖನವನ್ನು ತಮಿಳಿಗೆ ತಂದರು. ಪಂಜಾಬಿನ ತರುಣನ ವಾದ ಹೀಗೆ ಬೇಗನೇ ದಕ್ಷಿಣದ ಸ್ವಾಭಿಮಾನ ಚಳವಳಿಯ ಸ್ವತ್ತಾಯಿತು. ಉತ್ತರದಲ್ಲಿ ಅದು ವ್ಯಾಪಕವಾಗಿ ಮತ್ತೆ ಚಲಾವಣೆಗೆ ಬರಲು 1979ರಲ್ಲಿ ಬಿಪನ್ ಚಂದ್ರ ಮುನ್ನುಡಿಯೊಂದಿಗೆ ಪುಸ್ತಿಕೆ ತರುವವರೆಗೆ ಕಾಯಬೇಕಾಯಿತು.

ಅತ್ತ ಪಂಥದ ಗೆರೆ ಮತ್ತಷ್ಟು ಬಿಗಿಯಾಗುತ್ತ ಹೋಯಿತು. ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ 1945ರಲ್ಲಿ ಒಪ್ಪಿದ ನಡವಳಿಕೆ ಸಂಹಿತೆ ರಹಿತ್ ಮರ್ಯಾದಾ, ಅಮೃತ (ಖಾಲ್ಸಾ ದೀಕ್ಷೆ) ಪಡೆದವರು ಕೇಶ ತೆಗೆಯುವುದನ್ನು ನಾಲ್ಕು ಮಹಾದೋಷಗಳಲ್ಲಿ ಸೇರಿಸಿತು. ಕೇಶಧಾರಿಯಾಗಿದ್ದು ಅದನ್ನು ಕತ್ತರಿಸಿದವರಿಗೆ ‘ಪತಿತ’ ಎಂಬ ಹೆಸರು ಕಾನೂನಿನೊಳಗೂ ಬಂತು. 2009ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಅಮೃತಸರದ ವೈದ್ಯಕೀಯ ಕಾಲೇಜೊಂದರ ಸಿಖ್ ಮೀಸಲು ಸೀಟಿನ ವ್ಯಾಜ್ಯದಲ್ಲಿ, ಕತ್ತರಿಸದ ಕೇಶ ಸಿಖ್ ಧರ್ಮದ ಅವಿಭಾಜ್ಯ ಅಂಗವೆಂದು ತೀರ್ಪಿತ್ತಿತು. ಅಲ್ಲಿ ಚರ್ಚೆಗೆ ಬಂದದ್ದು ಹುಬ್ಬು ತಿದ್ದಿಸಿಕೊಂಡದ್ದು. 1925ರ ಕಾಯಿದೆಗೆ 2016ರಲ್ಲಿ ಬಂದ ತಿದ್ದುಪಡಿ ಗುರುದ್ವಾರಾ ಚುನಾವಣೆಯಲ್ಲಿ ಸಹಜಧಾರಿಗಳ ಮತದಾನದ ಹಕ್ಕನ್ನು ತೆಗೆದುಹಾಕಿತು. 1925ರ ಪ್ರಮಾಣವಚನದಲ್ಲಿ ಇಲ್ಲದಿದ್ದ ಕೂದಲು ಈಗ ಹಕ್ಕುಗಳ ಅಳತೆಗೋಲಾಗಿದೆ.

ಕೇಶ ಉಳಿಸಿಕೊಂಡೇ ನಂಬಿಕೆ ಬಿಟ್ಟವರೂ ಇದ್ದಾರೆ. ಸಿಖ್ಖರ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದ ಖುಷ್ವಂತ್ ಸಿಂಗ್ ತಮ್ಮನ್ನು ಅಜ್ಞೇಯವಾದಿ ಎಂದು ಬಹಿರಂಗವಾಗಿ ಕರೆದುಕೊಂಡರು, ಪಗಡಿ ಗಡ್ಡ ಎರಡನ್ನೂ ಕೊನೆಯವರೆಗೆ ಉಳಿಸಿಕೊಂಡರು. ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿದಾಗ 1984ರಲ್ಲಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ದೇವರಿಲ್ಲದೆಯೂ ಸಮುದಾಯದ ನೋವು ತನ್ನದಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಎಡಪಂಥೀಯ ಕವಿ ಪಾಶ್‌ಗೆ ಅಷ್ಟು ಕಾಲ ಬದುಕುವ ಅವಕಾಶವೂ ಸಿಗಲಿಲ್ಲ. ಖಾಲಿಸ್ತಾನಿ ಬಂದೂಕನ್ನು ಬರಹದಲ್ಲಿ ನೇರವಾಗಿ ಎದುರಿಸಿದ ಅವರನ್ನು ಉಗ್ರರು 1988ರ ಮಾರ್ಚ್ 23ರಂದು ಕೊಂದರು. ಅದೇ ಕರಾಳ ವರ್ಷಗಳಲ್ಲಿ ಪಂಜಾಬಿನ ತರ್ಕ್‌ಶೀಲ್ ಸೊಸೈಟಿ ವಿಚಾರವಾದಿ ಅಬ್ರಹಾಂ ಕೋವೂರರ ಪುಸ್ತಕಗಳನ್ನು ಪಂಜಾಬಿಗೆ ತಂದು ಹಳ್ಳಿಹಳ್ಳಿಗೆ ಒಯ್ಯುತ್ತಿತ್ತು ಎಂಬುದು ಆ ಜನರ ಧೈರ್ಯವನ್ನು ತೋರಿಸುತ್ತದೆ.

ಭಗತ್ ಸಿಂಗರ ನೆನಪಿನ ಮೇಲೂ ಕೇಶದ ಜಗಳ ನಿಂತಿಲ್ಲ. 1929ರ ಏಪ್ರಿಲ್‌ನಲ್ಲಿ, ಅಸೆಂಬ್ಲಿಯಲ್ಲಿ ಬಾಂಬ್ ಎಸೆಯುವ ಕೆಲವೇ ದಿನ ಮೊದಲು, ದೆಹಲಿಯ ಕಾಶ್ಮೀರಿ ಗೇಟಿನ ಸ್ಟುಡಿಯೋದಲ್ಲಿ ಹ್ಯಾಟು ತೊಟ್ಟು ಅವರೇ ತೆಗೆಸಿಕೊಂಡ ಚಿತ್ರವಿದೆ. ಹಾಗಿದ್ದೂ 2008ರಲ್ಲಿ ಸಂಸತ್ತಿನ ಆವರಣದಲ್ಲಿ ನಿಲ್ಲಿಸಿದ ಪ್ರತಿಮೆಗೆ ಪಗಡಿ ಬಂತು. ಪಗಡಿ ತೊಡಿಸುವುದು ಅಪರಾಧವಲ್ಲ, ಅವರು ಅದನ್ನು ವರ್ಷಗಟ್ಟಲೆ ತೊಟ್ಟವರೇ. ಪಗಡಿಯ ನೆಪದಲ್ಲಿ ಅವರ ವಾದವನ್ನು ಮುಚ್ಚುವುದು ತಪ್ಪು. ಹಾಗೆಯೇ ಹ್ಯಾಟಿನ ಚಿತ್ರ ಹಿಡಿದು ಅವರನ್ನು ಸಿಖ್ಖರ ವೈರಿಯಂತೆ ತೋರಿಸುವುದೂ ಸುಳ್ಳು.

ಕರ್ನಾಟಕದಲ್ಲಿ ಭಗತ್ ಸಿಂಗ್ ಎಂದರೆ ಜಿ. ರಾಮಕೃಷ್ಣ ಅವರ ಬರಹ ನೆನಪಾಗುತ್ತದೆ. 2022ರಲ್ಲಿ ಹತ್ತನೆಯ ತರಗತಿಯ ಪಠ್ಯದಲ್ಲಿ ಆ ಬರಹದ ಕುರಿತು ವಿವಾದ ಎದ್ದಾಗ ಮನೆಮನೆಯಲ್ಲೂ ಅದರ ಚರ್ಚೆಯಾಯಿತು. ಆ ಚರ್ಚೆ ಹುತಾತ್ಮನ ಸುತ್ತ ನಡೆಯಿತು, ಅವರ ಚಿಂತನೆಯ ಬಳಿಗೆ ಹೋದದ್ದು ಕಡಿಮೆ. ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ: ‘ನಾನೇಕೆ ನಾಸ್ತಿಕ’ವನ್ನು ಒಂಟಿಯಾಗಿ ಓದಿಸಬೇಡಿ. 1928ರ ‘ಕಿರ್ತಿ’ ಬರಹಗಳನ್ನು ಅದರ ಪಕ್ಕದಲ್ಲಿಟ್ಟು, ತಾರೀಕುಗಳನ್ನು ಹೊಂದಿಸಿಕೊಂಡು ವಿದ್ಯಾರ್ಥಿಗಳ ಜೊತೆ ಓದಿ.